ಗಾರೆಗೂ ಸ್ಲ್ಯಾಬ್‌ಗೂ ಒಂದೇ ಸಿಮೆಂಟ್ ಆಗುತ್ತಾ?

ಆಗುತ್ತದೆ, ಆದರೆ ಒಂದೊಂದು ಕೆಲಸಕ್ಕೆ ಒಂದೊಂದು ಜಾಸ್ತಿ ಹೊಂದುತ್ತದೆ.

ಒಪಿಸಿ ಅಂದರೆ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್. ಬೇಗ ಬಲ ಬರುತ್ತದೆ. ಚೀಲದ ಮೇಲಿನ 53 ಅಂದರೆ 28 ದಿನಕ್ಕೆ ಕನಿಷ್ಠ 53 ಮೆಗಾಪಾಸ್ಕಲ್ ಬಲ. ಪಿಲ್ಲರ್, ಬೀಮ್, ಸ್ಲ್ಯಾಬ್‌ಗೆ, ಅದರಲ್ಲೂ ಸೆಂಟ್ರಿಂಗ್ ಬೇಗ ಬಿಚ್ಚಬೇಕಿದ್ದರೆ, ಇದು ಒಳ್ಳೆಯದು. ಆದರೆ ಗಟ್ಟಿಯಾಗುವಾಗ ಬಿಸಿ ಜಾಸ್ತಿ. ಗೋಡೆಯ ಗಾರೆಗೆ ಹಾಕಿದರೆ ಕೂದಲೆಳೆಯಂಥ ಬಿರುಕು ಬೀಳಬಹುದು.

ಪಿಪಿಸಿ ಅಂದರೆ ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್. ಇದರಲ್ಲಿ ಸಾಮಾನ್ಯವಾಗಿ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟಾಗ ಸಿಗುವ ನಯವಾದ ಬೂದಿ ಸೇರಿರುತ್ತದೆ. ಸಿಮೆಂಟ್ ನೀರು ಕುಡಿದಾಗ ಹೊರಬರುವ ಸುಣ್ಣದ ಜೊತೆ ಈ ಬೂದಿ ನಿಧಾನವಾಗಿ ಬೆರೆತು ಹೊಸ ಅಂಟಾಗುತ್ತದೆ, ಸಣ್ಣ ರಂಧ್ರಗಳು ಮುಚ್ಚುತ್ತವೆ. ಹಾಗಾಗಿ ಇಟ್ಟಿಗೆ ಕಟ್ಟಲು, ಗಾರೆಗೆ ನಾನು ಇದನ್ನೇ ಹೇಳುತ್ತೇನೆ. ಸ್ಲ್ಯಾಬ್‌ಗೂ ನಡೆಯುತ್ತದೆ. ಆದರೆ ಕ್ಯೂರಿಂಗ್‌ನಲ್ಲಿ ಅವಸರ ಬೇಡ, ಕನಿಷ್ಠ 10 ದಿನ ನೀರು ಹಾಕಿ.

ಸಮುದ್ರದ ಹತ್ತಿರ ಸ್ಲ್ಯಾಗ್ ಸಿಮೆಂಟ್, ಅಂದರೆ ಕಬ್ಬಿಣದ ಕುಲುಮೆಯ ಕಿಟ್ಟ ಸೇರಿಸಿದ ಸಿಮೆಂಟ್, ಬಾಳಿಕೆ ಬರುತ್ತದೆ. ಮಣ್ಣಿನಲ್ಲಿ ಸಲ್ಫೇಟ್ ಎಂಬ ಲವಣ ಜಾಸ್ತಿ ಇದ್ದರೆ ಅದನ್ನು ತಡೆಯುವ ಸಿಮೆಂಟೇ ಬೇಕು. ಬಿಳಿ ಸಿಮೆಂಟ್ ಟೈಲ್ಸ್ ಸಂದಿಗೆ, ಅಂದಕ್ಕೆ.

ಯಾವುದೇ ತಂದರೂ ಚೀಲ ಬಿಚ್ಚಿದಾಗ ಗಂಟು ಸಿಕ್ಕರೆ ಬೆರಳಲ್ಲಿ ಒತ್ತಿ ನೋಡಿ. ಪುಡಿಯಾಗದಿದ್ದರೆ ಅದು ತೇವ ಕುಡಿದಿದೆ. ಅಂಥದ್ದನ್ನು ಪಿಲ್ಲರ್‌ಗೆ ಖಂಡಿತ ಹಾಕಬೇಡಿ.