ಕೈ ತಪ್ಪಿದ್ದು ದೋಹಾದಲ್ಲಲ್ಲ, ಗುವಾಹಟಿಯಲ್ಲಿ

ಮಂಡ್ಯದಿಂದ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಬರೆದಿದ್ದಾರೆ: "ಕುರಾಸಾವೊ ಎಂಬ ದೇಶದ ಹೆಸರನ್ನೇ ನಾನು ಕೇಳಿರಲಿಲ್ಲ. ನಮ್ಮ ಮಂಡ್ಯ ಪಟ್ಟಣದಷ್ಟು ಜನ ಇರುವ ದ್ವೀಪವಂತೆ. ಅದು 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಹೋಗುತ್ತದೆ, 140 ಕೋಟಿ ಜನರ ನಾವು ಟಿ.ವಿ. ಮುಂದೆ ಕೂರುತ್ತೇವೆ. ದೋಹಾದಲ್ಲಿ ರೆಫರಿ ನಮಗೆ ಮೋಸ ಮಾಡದಿದ್ದರೆ ನಾವೂ ಹೋಗುತ್ತಿದ್ದೆವಲ್ಲವೇ? ತಂಡಗಳನ್ನು ಆರಿಸುವ ಈ ಪದ್ಧತಿಯಾದರೂ ಏನು? ಎಂಟನೇ ತರಗತಿಯ ನನ್ನ ಮೊಮ್ಮಗಳು ಶಾಲಾ ತಂಡದಲ್ಲಿ ಆಡುತ್ತಾಳೆ, ಕೇಳಿದರೆ ನನ್ನ ಬಳಿ ಉತ್ತರವಿಲ್ಲ."

ಪ್ರಿಯ ಮೇಷ್ಟ್ರೇ,

ಮೊದಲು ದೋಹಾ. ಅದನ್ನು ಬಗೆಹರಿಸದೆ ಮುಂದಿನ ಮಾತು ನಿಮ್ಮ ಮನಸ್ಸಿಗೆ ಇಳಿಯುವುದಿಲ್ಲ, ನನ್ನ ಮನಸ್ಸಿಗೂ ಇಳಿದಿರಲಿಲ್ಲ. 2024ರ ಜೂನ್ 11ರ ಆ ರಾತ್ರಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಕತಾರ್ ವಿರುದ್ಧ ನಮ್ಮ ಛಾಂಗ್ಟೆ ಗೋಲು ಹೊಡೆದು ನಾವು 1-0 ಮುಂದಿದ್ದೆವು. 73ನೇ ನಿಮಿಷದಲ್ಲಿ ಚೆಂಡು ನಮ್ಮ ಗೋಲಿನ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋಗಿತ್ತು. ಕತಾರ್ ಆಟಗಾರ ಅದನ್ನು ಕಾಲಿನಿಂದ ಒಳಗೆಳೆದ, ಯೂಸೆಫ್ ಅಯ್ಮನ್ ಬಲೆಗೆ ತಳ್ಳಿದ. ನಮ್ಮವರು ಆಟ ನಿಂತಿತೆಂದು ತಿಳಿದು ನಿಂತೇಬಿಟ್ಟಿದ್ದರು. ಆ ಸುತ್ತಿನಲ್ಲಿ ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ ಇರಲಿಲ್ಲ. ಗೋಲು ಎಂದರು, ಗೋಲಾಯಿತು. ಆಮೇಲೆ ಇನ್ನೊಂದು ಬಿಟ್ಟುಕೊಟ್ಟು 1-2ರಿಂದ ಸೋತೆವು. ನಮಗೆ ಅನ್ಯಾಯವಾದದ್ದು ನಿಜ. ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಆದರೆ ದೋಹಾಕ್ಕೆ ಗೆಲ್ಲಲೇಬೇಕಾದ ಸ್ಥಿತಿಯಲ್ಲಿ ನಾವು ಹೋಗಬೇಕಾಗಿಯೇ ಇರಲಿಲ್ಲ. ಒಂದು ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ಗುಂಪಿನಲ್ಲಿ ನಾಲ್ಕು ತಂಡ: ಕತಾರ್, ಕುವೈತ್, ಅಫ್ಗಾನಿಸ್ತಾನ, ಭಾರತ. ಪ್ರತಿಯೊಬ್ಬರ ವಿರುದ್ಧವೂ ತವರಿನಲ್ಲೊಂದು, ಅವರಲ್ಲೊಂದು, ಒಟ್ಟು ಆರು ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ಮೊದಲ ಎರಡು ಸ್ಥಾನದವರು ಮುಂದಿನ ಸುತ್ತಿಗೆ. 2023ರ ನವೆಂಬರ್‌ನಲ್ಲಿ ಕುವೈತ್‌ಗೇ ಹೋಗಿ 1-0 ಗೆದ್ದು ಬಂದೆವು. ಅಂಥ ಗೆಲುವು ನಮಗೆ ಅಪರೂಪ. ಐದೇ ದಿನದಲ್ಲಿ ಭುವನೇಶ್ವರದಲ್ಲಿ ಕತಾರ್‌ಗೆ 0-3ರಿಂದ ಸೋತೆವು, ಅದು ನಿರೀಕ್ಷೆ ಇದ್ದದ್ದೇ. 2024ರ ಮಾರ್ಚ್‌ನಲ್ಲಿ ಅಫ್ಗಾನಿಸ್ತಾನದ ಜೊತೆ ಎರಡು ಪಂದ್ಯ. ಅವರಿಗೆ ತಮ್ಮ ನೆಲದಲ್ಲಿ ಆಡುವ ಭಾಗ್ಯವಿಲ್ಲ, ಅವರ ತವರಿನ ಪಂದ್ಯ ನಡೆದದ್ದು ಸೌದಿಯ ಅಭಾದಲ್ಲಿ. ಅಲ್ಲಿ 0-0. ಆಮೇಲೆ ಮಾರ್ಚ್ 26, ಗುವಾಹಟಿ. ಸುನಿಲ್ ಛೇತ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ. ಪೆನಾಲ್ಟಿಯಲ್ಲಿ ಅವರೇ ಗೋಲು ಹೊಡೆದು 1-0 ಮಾಡಿದರು. 70ನೇ ನಿಮಿಷಕ್ಕೆ 1-1. 88ನೇ ನಿಮಿಷದಲ್ಲಿ ಅಫ್ಗಾನಿಸ್ತಾನಕ್ಕೆ ಪೆನಾಲ್ಟಿ. 1-2.

ಈಗ ಗುವಾಹಟಿಯ ಆ ಒಂದು ಫಲಿತಾಂಶವನ್ನು ಅಳಿಸಿ ಭಾರತದ ಗೆಲುವೆಂದು ಬರೆದು ನೋಡಿ. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಜೊತೆ 0-0 ಆದಾಗ ನಮ್ಮ ಬಳಿ 5ರ ಬದಲು 8 ಅಂಕ ಇರುತ್ತಿತ್ತು. ಕುವೈತ್ ಬಳಿ ಇದ್ದದ್ದು 4. ಕೊನೆಯ ಪಂದ್ಯ ಗೆದ್ದರೂ ಅದಕ್ಕೆ 7 ದಾಟುವುದಿಲ್ಲ. ಅಫ್ಗಾನಿಸ್ತಾನ ಇನ್ನೂ ಕೆಳಗೆ. ಅಂದರೆ ದೋಹಾದ ವಿಮಾನ ಹತ್ತುವ ಮೊದಲೇ ನಾವು ಮೂರನೇ ಸುತ್ತಿನಲ್ಲಿರುತ್ತಿದ್ದೆವು, ಆ ರೆಫರಿ ಗೆರೆಯಾಚೆಯ ಚೆಂಡಿಗೆ ಹತ್ತು ಗೋಲು ಕೊಟ್ಟಿದ್ದರೂ ನಮಗೆ ತಟ್ಟುತ್ತಿರಲಿಲ್ಲ. ಆದದ್ದು ಏನೆಂದರೆ ಅತ್ತ ಕುವೈತ್ ಅಫ್ಗಾನಿಸ್ತಾನವನ್ನು 1-0ಯಿಂದ ಸೋಲಿಸಿ 7ಕ್ಕೆ ಏರಿತು, ನಾವು 5ರಲ್ಲೇ ಉಳಿದೆವು. ದೋಹಾದ ಗೋಲನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದೇವೆ, ಏಕೆಂದರೆ ಅಲ್ಲಿ ತಪ್ಪು ಬೇರೆಯವರದ್ದು. ಗುವಾಹಟಿ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಇನ್ನೊಂದು ಮಾತು, ಬೇಸರಿಸಬೇಡಿ. ದೋಹಾದಲ್ಲಿ ಗೆದ್ದಿದ್ದರೂ ನಾವು ವಿಶ್ವಕಪ್ ಸೇರುತ್ತಿರಲಿಲ್ಲ. ಅದು ಎರಡನೇ ಸುತ್ತಷ್ಟೇ. ಪದ್ಧತಿ ನಿಮಗೆ ಹೊಸದಲ್ಲ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ ಮಟ್ಟ ಅಂತ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಎಷ್ಟು ವರ್ಷ ತಿರುಗಿದ್ದೀರಿ. ದಸರಾ ಕ್ರೀಡಾಕೂಟಕ್ಕೆ ನಮ್ಮ ಚಾಮುಂಡಿ ವಿಹಾರಕ್ಕೆ ಬರುವ ತಂಡ ತಾಲ್ಲೂಕಿನಿಂದಲೇ ಗೆದ್ದು ಬಂದಿರಬೇಕು. ಇಲ್ಲೂ ಹಾಗೇ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಜಗತ್ತನ್ನು ಆರು ಒಕ್ಕೂಟಗಳಾಗಿ ಹಂಚಿದೆ, ಪ್ರತಿ ಒಕ್ಕೂಟಕ್ಕೂ ಇಷ್ಟು ಸ್ಥಾನ ಅಂತ ಕೊಟ್ಟಿದೆ, ಹೇಗೆ ಆರಿಸಬೇಕೆಂಬುದನ್ನು ಬಹುಮಟ್ಟಿಗೆ ಅವರಿಗೇ ಬಿಟ್ಟಿದೆ. ಒಂದು ವ್ಯತ್ಯಾಸವಿದೆ. ನಿಮ್ಮ ಮಕ್ಕಳು ಒಂದು ಬೆಳಿಗ್ಗೆ ಸೋತರೆ ಸಂಜೆಯ ಬಸ್ಸಿಗೆ ಮಂಡ್ಯಕ್ಕೆ ವಾಪಸ್. ಇಲ್ಲಿ ಹೆಚ್ಚಿನ ಆಟ ಲೀಗ್ ಮಾದರಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ಒಂದು ಕೆಟ್ಟ ದಿನವನ್ನು ಸರಿಮಾಡಿಕೊಳ್ಳಲು ಇನ್ನೊಂದು ದಿನ ಸಿಗುತ್ತದೆ. ದಕ್ಷಿಣ ಅಮೆರಿಕದಲ್ಲಂತೂ ಹತ್ತೇ ದೇಶ, ಎಲ್ಲರೂ ಎಲ್ಲರ ಜೊತೆ ಎರಡೆರಡು ಬಾರಿ, ತಲಾ 18 ಪಂದ್ಯ. ಬೊಲಿವಿಯಾ ತನ್ನ ತವರಿನ ಹಲವು ಪಂದ್ಯಗಳನ್ನು 4,000 ಮೀಟರಿಗೂ ಎತ್ತರದ ಎಲ್ ಆಲ್ಟೊದಲ್ಲಿ ಆಡಿಸಿತು. ನಮ್ಮ ಚಾಮುಂಡಿ ಬೆಟ್ಟದ ಸುಮಾರು ನಾಲ್ಕು ಪಟ್ಟು ಎತ್ತರದಲ್ಲಿ ಬ್ರೆಜಿಲ್‌ನಂಥ ತಂಡವೂ ಉಸಿರಿಗೆ ಪರದಾಡಿ ಸೋತಿದೆ. ತವರು ಎಂದರೆ ಅದು.

ಏಷ್ಯಾದ ದಾರಿ ಎಲ್ಲಕ್ಕಿಂತ ಸುತ್ತುಬಳಸು. ರ‍್ಯಾಂಕಿಂಗ್‌ನಲ್ಲಿ ಕೆಳಗಿದ್ದ 20 ತಂಡಗಳು ಮೊದಲ ಸುತ್ತಿನಲ್ಲಿ ಎರಡೆರಡು ಪಂದ್ಯ ಆಡಿ ಹತ್ತಾದವು. ನಾವು ಆಗ ವಿಶ್ವದಲ್ಲಿ 99ನೇ ಸ್ಥಾನದಲ್ಲಿದ್ದುದರಿಂದ ಅದನ್ನು ಆಡಬೇಕಾಗಲಿಲ್ಲ. ನಮ್ಮನ್ನು ಸೋಲಿಸಿದ ಅಫ್ಗಾನಿಸ್ತಾನ ಆಡಿತು, ಮಂಗೋಲಿಯಾವನ್ನು ದಾಟಿ ಬಂತು. ಎರಡನೇ ಸುತ್ತಿನಲ್ಲಿ 36 ತಂಡ, ಒಂಬತ್ತು ಗುಂಪು. ಅಲ್ಲಿಂದ 18 ತಂಡ ಮೂರನೇ ಸುತ್ತಿಗೆ, ಆರರಂತೆ ಮೂರು ಗುಂಪು, ತಲಾ ಹತ್ತು ಪಂದ್ಯ. ಪ್ರತಿ ಗುಂಪಿನ ಮೊದಲಿಬ್ಬರು ನೇರ ವಿಶ್ವಕಪ್‌ಗೆ. ಮೂರು, ನಾಲ್ಕನೆಯವರಿಗೆ ನಾಲ್ಕನೇ ಸುತ್ತು, ಅದರಲ್ಲಿ ಎರಡು ಸ್ಥಾನ. ಅಲ್ಲಿಯೂ ಎರಡನೆಯವರಾದವರಿಗೆ ಐದನೇ ಸುತ್ತು, ಅಲ್ಲಿ ಗೆದ್ದವರಿಗೆ ಬೇರೆ ಖಂಡದವರ ಜೊತೆ ಪ್ಲೇ-ಆಫ್. ಹಿಂದಿನ ವಿಶ್ವಕಪ್‌ವರೆಗೆ ಏಷ್ಯಾಕ್ಕೆ ನಾಲ್ಕು ನೇರ ಸ್ಥಾನ, ಒಂದು ಪ್ಲೇ-ಆಫ್ ಇತ್ತು. 2026ಕ್ಕೆ ಒಟ್ಟು ತಂಡಗಳು 32ರಿಂದ 48ಕ್ಕೆ ಏರಿದ್ದರಿಂದ ನೇರ ಸ್ಥಾನವೇ ಎಂಟಾಯಿತು. ಜೋರ್ಡಾನ್ ಮತ್ತು ಉಜ್ಬೇಕಿಸ್ತಾನ ಆ ಬಾಗಿಲಿನಿಂದ ಮೊದಲ ಬಾರಿ ಒಳಗೆ ಹೋದವು. ಬಾಗಿಲು ಎರಡರಷ್ಟು ಅಗಲವಾದ ವರ್ಷದಲ್ಲೇ ನಾವು ಜಗಲಿಯಲ್ಲಿ ಎಡವಿದ್ದೇವೆ ಅನ್ನುವುದು ನನ್ನ ಸಂಕಟ.

ಈ ರ‍್ಯಾಂಕಿಂಗ್ ಅನ್ನು ಬರೀ ಪ್ರತಿಷ್ಠೆಯ ಪಟ್ಟಿ ಅಂದುಕೊಳ್ಳುವವರಿದ್ದಾರೆ. ಚೀಟಿ ಎತ್ತುವಾಗ ತಂಡಗಳನ್ನು ಯಾವ ಡಬ್ಬಿಗೆ ಹಾಕಬೇಕೆಂದು ನಿರ್ಧರಿಸುವುದು ಅದೇ. ಮೇಲಿನ ಡಬ್ಬಿಯಲ್ಲಿದ್ದರೆ ಬಲಾಢ್ಯರು ಬೇರೆ ಗುಂಪಿಗೆ ಹೋಗುತ್ತಾರೆ. ಸ್ನೇಹಪರ ಪಂದ್ಯಕ್ಕಿಂತ ಅರ್ಹತಾ ಪಂದ್ಯಕ್ಕೆ ತೂಕ ಹೆಚ್ಚು, ತನಗಿಂತ ದುರ್ಬಲರ ಎದುರು ಸೋತರೆ ಕಳೆದುಕೊಳ್ಳುವುದೂ ಹೆಚ್ಚು. ಗುವಾಹಟಿ ಎರಡು ಸಲ ಕಚ್ಚಿತು.

ಇನ್ನು ನಿಮ್ಮ ಕುರಾಸಾವೊ, ಕೆರಿಬಿಯನ್ ಸಮುದ್ರದ ದ್ವೀಪ. 2011ರ ಜನಗಣತಿಯಲ್ಲಿ ಮಂಡ್ಯ ಪಟ್ಟಣದ ಜನಸಂಖ್ಯೆ 1.37 ಲಕ್ಷ. ಕುರಾಸಾವೊದಲ್ಲಿ ಸುಮಾರು ಒಂದೂವರೆ ಲಕ್ಷ. ನಿಮ್ಮ ಹೋಲಿಕೆ ಸರಿಯಾಗಿಯೇ ಇದೆ. ವಿಶ್ವಕಪ್ ತಲುಪಿದ ಅತಿ ಚಿಕ್ಕ ದೇಶ ಅದು. ಆದರೆ ಅದಕ್ಕೆ ಯಾರೂ ರಿಯಾಯಿತಿ ಕೊಟ್ಟಿಲ್ಲ. ಉತ್ತರ ಅಮೆರಿಕದ ದೊಡ್ಡಣ್ಣಂದಿರಾದ ಅಮೆರಿಕ, ಮೆಕ್ಸಿಕೊ, ಕೆನಡಾ 2026ರ ಆತಿಥೇಯರು. ಆತಿಥೇಯರಿಗೆ ಅರ್ಹತಾ ಸುತ್ತಿಲ್ಲ. ಹಾಗಾಗಿ ಉಳಿದವರಿಗೆ ಮೂರು ನೇರ ಸ್ಥಾನ ಸಿಕ್ಕಿತು, ಕೊನೆಯ ಸುತ್ತಿನ ಮೂರು ಗುಂಪುಗಳ ಅಗ್ರಸ್ಥಾನಿಗಳಿಗೆ. ಕುರಾಸಾವೊ ಆ ಸುತ್ತಿನ ಆರು ಪಂದ್ಯದಲ್ಲಿ ಒಂದನ್ನೂ ಸೋಲಲಿಲ್ಲ. 2025ರ ನವೆಂಬರ್ 18ರಂದು ಕಿಂಗ್‌ಸ್ಟನ್‌ನಲ್ಲಿ, ಗೆದ್ದರೆ ತಾನೇ ಹೋಗುತ್ತಿದ್ದ ಜಮೈಕಾವನ್ನು 0-0ಯಲ್ಲಿ ತಡೆದು ನಿಲ್ಲಿಸಿತು. ಆ ದ್ವೀಪ ನೆದರ್ಲೆಂಡ್ಸ್ ರಾಜ್ಯದೊಳಗಿನ ಸ್ವಾಯತ್ತ ನಾಡು, ಜನರ ಕೈಯಲ್ಲಿ ಡಚ್ ಪಾಸ್‌ಪೋರ್ಟ್. ತಂಡದ ಬಹುತೇಕರು ಹುಟ್ಟಿ ಆಟ ಕಲಿತದ್ದು ನೆದರ್ಲೆಂಡ್ಸ್‌ನಲ್ಲಿ. ತಂದೆ ತಾಯಿ ಇಲ್ಲವೇ ಅಜ್ಜ ಅಜ್ಜಿ ಹುಟ್ಟಿದ ನಾಡಿಗೆ ಆಡಲು ನಿಯಮ ಒಪ್ಪುತ್ತದೆ, ಪೌರತ್ವ ಇದ್ದರೆ ಆಯಿತು. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಹೊರಗೆ ಬೆಳೆದ ಭಾರತೀಯ ಮೂಲದ ಹುಡುಗ ನಮ್ಮ ಅಂಗಿ ತೊಡಬೇಕೆಂದರೆ ಆ ದೇಶದ ಪಾಸ್‌ಪೋರ್ಟ್ ಬಿಡಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟು ಬಂದರು. ಅಂಥವರು ಎಷ್ಟು ಮಂದಿ ಬಂದಾರು? ನಮ್ಮ ನೆಲದಲ್ಲೇ ಆಟಗಾರರನ್ನು ಬೆಳೆಸದೆ ನಮಗೆ ಬೇರೆ ದಾರಿಯಿಲ್ಲ ಎಂದೇ ನನ್ನ ನಂಬಿಕೆ.

ಹಾಗಾದರೆ 140 ಕೋಟಿಗೆ ಬೆಲೆಯೇ ಇಲ್ಲವೇ ಎಂದು ನೀವು ಕೇಳುತ್ತೀರಿ. ಇಲ್ಲ. ಅಂಕಪಟ್ಟಿಯಲ್ಲಿ ಜನಸಂಖ್ಯೆಯ ಕಾಲಂ ಇಲ್ಲ. 1930ರ ಮೊದಲ ವಿಶ್ವಕಪ್‌ಗೆ ಅರ್ಹತಾ ಸುತ್ತೇ ಇರಲಿಲ್ಲ, ಕರೆದರೆ ಬರುವುದು, 13 ತಂಡ ಬಂದವು. 1934ರಲ್ಲಿ ಆತಿಥೇಯ ಇಟಲಿಯೂ ಗ್ರೀಸ್ ಜೊತೆ ಆಡಿ ಅರ್ಹತೆ ಗಳಿಸಬೇಕಾಯಿತು. ಆಡದೆ ಬಂದ ಅರ್ಹತೆ ನಮಗೂ ಒಮ್ಮೆ ಸಿಕ್ಕಿತ್ತು. 1950ರಲ್ಲಿ ನಮ್ಮ ಗುಂಪಿನ ಬರ್ಮಾ, ಇಂಡೊನೇಷ್ಯಾ, ಫಿಲಿಪೀನ್ಸ್ ಹಿಂದೆ ಸರಿದು ಭಾರತ ಒಂದು ಚೆಂಡೂ ಒದೆಯದೆ ಅರ್ಹವಾಯಿತು. ಆಮೇಲೆ ನಾವೇ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂಬ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಆಗಿನವರ ಕಣ್ಣಿಗೆ ಒಲಿಂಪಿಕ್ಸೇ ದೊಡ್ಡದಾಗಿತ್ತು ಅನ್ನುವುದು ಅದಕ್ಕಿಂತ ನಂಬುವಂಥ ಕಾರಣ. ಎರಡು ವರ್ಷ ಮುಂಚೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದಕ್ಕೂ ಮುಂಚೆ 1946-47ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದ ತಂಡದ ಹೆಸರು ಏನು ಗೊತ್ತೇ? ಮೈಸೂರು. ಬಂಗಾಳವನ್ನು ಸೋಲಿಸಿ. ನಾವು ಈ ಆಟಕ್ಕೆ ಹೊಸಬರಲ್ಲ. 1950ರಲ್ಲಿ ಬಿಟ್ಟ ಮೇಲೆ ವಿಶ್ವಕಪ್ ಅರ್ಹತಾ ಪಂದ್ಯವೊಂದನ್ನು ಭಾರತ ನಿಜವಾಗಿ ಆಡಿದ್ದು 1985ರಲ್ಲಿ. 35 ವರ್ಷದ ಆ ಖಾಲಿ ಜಾಗವನ್ನು ಯಾವ ರೆಫರಿಯ ಮೇಲೆ ಹೊರಿಸೋಣ?

2015ರ ನವೆಂಬರ್‌ನಲ್ಲಿ ನಾನು ಮೈಸೂರಿನಿಂದ ರೈಲು ಹತ್ತಿ ಕಂಠೀರವಕ್ಕೆ ಹೋಗಿದ್ದೆ, ಗುವಾಮ್ ಜೊತೆ ಅರ್ಹತಾ ಪಂದ್ಯ ನೋಡಲು. ಗುವಾಮ್ ಕೂಡ ಹೆಚ್ಚುಕಡಿಮೆ ಕುರಾಸಾವೊದಷ್ಟೇ ಚಿಕ್ಕ ದ್ವೀಪ. ಅದೇ ವರ್ಷ ಜೂನ್‌ನಲ್ಲಿ ಅದರ ನೆಲದಲ್ಲಿ 1-2ರಿಂದ ಸೋತಿದ್ದೆವು. ಇಲ್ಲಿ ರಾಬಿನ್ ಸಿಂಗ್ ಹೊಡೆದ ಒಂದೇ ಗೋಲಿನಿಂದ ಗೆದ್ದೆವು. ಆ ಸುತ್ತಿನ ಎಂಟು ಪಂದ್ಯಗಳಲ್ಲಿ ನಮ್ಮ ಒಂದೇ ಗೆಲುವು ಅದು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಗಂಟಲು ಕಟ್ಟಿತ್ತು. ಚಿಕ್ಕ ದೇಶ ಎಂಬ ಮಾತನ್ನು ಅಂದಿನಿಂದ ಹಗುರವಾಗಿ ಆಡಿಲ್ಲ.

ದೋಹಾ ಜಪಾನೀಯರಿಗೂ ನೋವಿನ ಹೆಸರು. 1993ರ ಅಕ್ಟೋಬರ್‌ನಲ್ಲಿ ಅಲ್ಲಿಯೇ ಇರಾಕ್ ವಿರುದ್ಧ 2-1 ಮುಂದಿದ್ದು, ಕೊನೆಯ ಗಳಿಗೆಯ ಗೋಲಿನಿಂದ 2-2 ಆಗಿ, ಮೊದಲ ವಿಶ್ವಕಪ್ ಕೈತಪ್ಪಿತು. ಅದೇ ವರ್ಷ ಶುರುಮಾಡಿದ್ದ ತಮ್ಮ ಲೀಗನ್ನು ಅವರು ಬಿಡಲಿಲ್ಲ. 1998ರಿಂದ ಇಂದಿನವರೆಗೆ ಒಂದು ವಿಶ್ವಕಪ್ಪೂ ತಪ್ಪಿಲ್ಲ. 2026ರ ವಿಶ್ವಕಪ್‌ಗೆ ಆತಿಥೇಯರ ನಂತರ ಎಲ್ಲರಿಗಿಂತ ಮೊದಲು ಅರ್ಹತೆ ಪಡೆದದ್ದು ಜಪಾನ್. ನಮ್ಮಲ್ಲಿ 2025-26ರ ಋತುವಿನ ಐಎಸ್‌ಎಲ್, ಅಂದರೆ ನಮ್ಮ ದೇಶದ ಅಗ್ರ ಲೀಗ್, ಸಮಯಕ್ಕೆ ಶುರುವೇ ಆಗಲಿಲ್ಲ. 2027ರ ಏಷ್ಯಾ ಕಪ್‌ನ ಅರ್ಹತಾ ಗುಂಪಿನಲ್ಲಿ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ ಮೂವರಿಗೂ ಸೋತು ಹೊರಬಿದ್ದೆವು. ಅಲ್ಲಿ ಯಾರೂ ಮೋಸ ಮಾಡಲಿಲ್ಲ.

ನಿಮ್ಮ ಮೊಮ್ಮಗಳಿಗೆ ಹೇಳಲು ಬೇರೆ ಸುದ್ದಿ ಇದೆ. 2025ರ ಜುಲೈ 5ರಂದು ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ, ಆತಿಥೇಯರನ್ನು ಅವರ ಜನರ ಮುಂದೆಯೇ 2-1ರಿಂದ ಸೋಲಿಸಿ ನಮ್ಮ ಹೆಣ್ಣುಮಕ್ಕಳು ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಸುತ್ತು ಆಡಿ ಗೆದ್ದು ಅಲ್ಲಿಗೆ ಹೋದದ್ದು ಅದೇ ಮೊದಲು. ಆ ಟೂರ್ನಿ 2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ. 2027ರಲ್ಲಿ ಬ್ರೆಜಿಲ್‌ನಲ್ಲಿ ನಡೆಯುವ ಮಹಿಳಾ ವಿಶ್ವಕಪ್‌ಗೆ ಏಷ್ಯಾದ ಅರ್ಹತಾ ಪಂದ್ಯಗಳೂ ಅವೇ. 12 ತಂಡ, ನಾಲ್ಕರಂತೆ ಮೂರು ಗುಂಪು. ನಮ್ಮ ಗುಂಪಿನಲ್ಲಿ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ (ತೈವಾನ್). ಪ್ರತಿ ಗುಂಪಿನ ಮೊದಲಿಬ್ಬರು, ಜೊತೆಗೆ ಮೂರನೇ ಸ್ಥಾನದವರಲ್ಲಿ ಉತ್ತಮರಾದ ಇಬ್ಬರು ಎಂಟರ ಘಟ್ಟಕ್ಕೆ. ಅಲ್ಲಿ ಗೆದ್ದ ನಾಲ್ವರು ನೇರ ಬ್ರೆಜಿಲ್‌ಗೆ. ಸೋತ ನಾಲ್ವರು ತಮ್ಮತಮ್ಮಲ್ಲೇ ಆಡಿ ಇನ್ನೆರಡು ಸ್ಥಾನ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಹಾಳೆ ಪೆನ್ಸಿಲ್ ಅವಳ ಕೈಗೇ ಕೊಡಿ. ಜಪಾನ್ ಪಂದ್ಯದತ್ತ ನೋಡುವ ಮೊದಲು ವಿಯೆಟ್ನಾಂ ಮತ್ತು ತೈಪೆ ಪಂದ್ಯಗಳ ಅಂಕ ಬರೆಯಲು ಹೇಳಿ.

– ಸಂಪಾದಕ, ಮೈಸೂರು