ಇಸಿಜಿ ನಾರ್ಮಲ್ ಬಂದ ಮೇಲೂ ಮತ್ತೆ ಯಾಕೆ ತೆಗೆಯುತ್ತಾರೆ?

ತಂದೆಗೆ ಎದೆನೋವು, ಮೊದಲ ಇಸಿಜಿ ನಾರ್ಮಲ್, ಆದರೂ ಅರ್ಧ ಗಂಟೆಗೆ ಇನ್ನೊಂದು ಇಸಿಜಿ, ಜೊತೆಗೆ ಎಕ್ಸ್‌ರೇ ಮಾಡಿದರು, ಇದು ಬಿಲ್ ಏರಿಸೋಕಾ ಅಂತ ಕೇಳಿದ್ದೀರಿ. ಅಲ್ಲ, ಮಾಡಬೇಕಾದದ್ದೇ ಅದು.

ಒಂದು ಇಸಿಜಿಯಲ್ಲಿ ಇರುವುದು ಸುಮಾರು 10 ಸೆಕೆಂಡಿನ ಸಂಗತಿ. ಹಾರ್ಟ್ ಅಟ್ಯಾಕ್ ಆಗುವಾಗ ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತಾ ಕರಗುತ್ತಾ ಇರಬಹುದು. ಪೂರ್ತಿ ಮುಚ್ಚಿಕೊಂಡಾಗ ಮಾತ್ರ ಇಸಿಜಿ ಗೆರೆಯಲ್ಲಿ ಎಸ್‌ಟಿ ಎನ್ನುವ ಭಾಗ ಮೇಲೇಳಬಹುದು. ಹಾಗಾಗಿ ರೋಗಿ ಬಂದ 10 ನಿಮಿಷದೊಳಗೆ ಮೊದಲನೆಯದು, ನೋವು ನಿಲ್ಲದಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಕೂಡ ನೋವು ಶುರುವಾದ ಕೂಡಲೇ ಏರಿರುವುದಿಲ್ಲ, ಅದಕ್ಕೇ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ.

ಇಸಿಜಿ ಹೃದಯವನ್ನು ನೋಡುವ ಒಂದೊಂದು ಕೋನಕ್ಕೂ ಲೀಡ್ ಎನ್ನುತ್ತಾರೆ. ಮಾಮೂಲಿ 12 ಲೀಡ್‌ಗೆ ಹೃದಯದ ಹಿಂಭಾಗ ನೇರವಾಗಿ ಕಾಣುವುದಿಲ್ಲ. ಎದೆಯ ಮೇಲಿನ ಲೀಡ್‌ಗಳಾದ ವಿ1ರಿಂದ ವಿ3ರವರೆಗೆ ಎಸ್‌ಟಿ ಕೆಳಗಿಳಿದಿದ್ದರೆ ನಾನು ಬೆನ್ನಿಗೆ ವಿ7, ವಿ8, ವಿ9 ಹಚ್ಚಿಸುತ್ತೇನೆ. ಅಲ್ಲಿ ಅರ್ಧ ಮಿಲಿಮೀಟರ್ ಏರಿದ್ದರೂ ಲೆಕ್ಕಕ್ಕೆ ಬರುತ್ತದೆ. ಹೃದಯದ ಕೆಳಭಾಗ ನೋಡುವ ಲೀಡ್ 2, 3, ಎವಿಎಫ್‌ನಲ್ಲಿ ಎಸ್‌ಟಿ ಏರಿದ್ದರೆ ಬಲ ಎದೆಯ ವಿ4ಆರ್ ಲೀಡ್ ನೋಡದೆ ನಾಲಿಗೆ ಕೆಳಗಿಡುವ, ರಕ್ತನಾಳ ಹಿಗ್ಗಿಸುವ ಮಾತ್ರೆ ಕೊಡಬಾರದು. ಬಲ ಹೃತ್ಕುಕ್ಷಿಗೆ (ಹೃದಯದ ಬಲ ಕೆಳಕೋಣೆಗೆ) ಪೆಟ್ಟು ಬಿದ್ದಿದ್ದರೆ ಆ ಮಾತ್ರೆಯಿಂದ ಬಿಪಿ ದಿಢೀರನೆ ಕುಸಿಯಬಹುದು.

ಎಷ್ಟೋ ಗೊಂದಲ ಲೀಡ್ ಹಚ್ಚುವಾಗಲೇ ಹುಟ್ಟುತ್ತದೆ. ವಿ1, ವಿ2 ನಾಲ್ಕನೇ ಪಕ್ಕೆಲುಬಿನ ಸಂದಿಗೆ, ಎದೆಮೂಳೆಯ ಬಲಕ್ಕೊಂದು ಎಡಕ್ಕೊಂದು ಹೋಗಬೇಕು. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಉಬ್ಬಿನ ಪಕ್ಕದ್ದು ಎರಡನೇ ಪಕ್ಕೆಲುಬು. ಅದರ ಕೆಳಗಿನ ಸಂದಿ ಎರಡನೆಯದು, ಅಲ್ಲಿಂದ ಇನ್ನೆರಡು ಇಳಿಯಬೇಕು. ಅವಸರದಲ್ಲಿ ಎಣಿಸದೆ ಮೇಲೆ ಅಂಟಿಸಿದರೆ ಇಲ್ಲದ ಹಳೇ ಹಾರ್ಟ್ ಅಟ್ಯಾಕ್ ಕಾಗದದ ಮೇಲೆ ಕಾಣುತ್ತದೆ. ಕೈಗಳ ತಂತಿ ಅದಲುಬದಲಾದರೆ ‘ಲೀಡ್ 1’ ಎನ್ನುವುದು ತಲೆಕೆಳಗಾಗಿ ಬರುತ್ತದೆ.

ಎಕ್ಸ್‌ರೇ ಹಾರ್ಟ್ ಅಟ್ಯಾಕ್ ಹುಡುಕಲು ಅಲ್ಲ. ಶ್ವಾಸಕೋಶ ಕುಗ್ಗಿದೆಯಾ, ನೀರು ತುಂಬಿದೆಯಾ, ಎದೆಯ ನಡುಭಾಗ ಅಗಲವಾಗಿದೆಯಾ ಎಂದು ನೋಡಲು. ಮಲಗಿಸಿ ತೆಗೆದ ಚಿತ್ರದಲ್ಲಿ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದಕ್ಕೆ ಹೆದರಬೇಡಿ. ನೋವು ಬೆನ್ನಿಗೆ ಸೀಳಿದಂತಿದ್ದು ಎರಡು ಕೈಯ ಬಿಪಿ ಬೇರೆ ಬೇರೆ ಬಂದರೆ ಮಾತ್ರ ಎಕ್ಸ್‌ರೇ ಚೆನ್ನಾಗಿದೆ ಅಂತ ಬಿಡುವಂತಿಲ್ಲ. ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಸೀಳಿರಬಹುದು, ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಮೊದಲೇ ಸಿಟಿ ಆಂಜಿಯೋ, ಅಂದರೆ ರಕ್ತನಾಳ ತೋರಿಸುವ ಸ್ಕ್ಯಾನ್, ಆಗಬೇಕು.

ತಂದೆಯ ಇಸಿಜಿಗಳನ್ನು ಝೆರಾಕ್ಸ್ ಮಾಡಿಸಿಡಿ, ಆ ಕಾಗದದ ಗೆರೆ ಬಿಸಿಲಿಗೆ ಮಾಸಿಹೋಗುತ್ತದೆ. ಮುಂದಿನ ಸಲ ಹೋಲಿಸಿ ನೋಡಲು ಹಳೆಯದೊಂದು ಇದ್ದರೆ ವೈದ್ಯರ ಕೆಲಸ ಅರ್ಧ ಹಗುರ.