ಎಕೋದಲ್ಲಿ 'ಮೈಲ್ಡ್' ಇದ್ದ ವಾಲ್ವ್ ಲೀಕ್ ಈಗ 'ಮಾಡರೇಟ್' ಅಂತ ಬಂದಿದೆ, ಅಮ್ಮನಿಗೆ ಆಪರೇಷನ್ ಬೇಕಾಗುತ್ತಾ?

ಹೋದ ವರ್ಷ ಮೈಲ್ಡ್ ಇದ್ದ ನಿಮ್ಮ ಅಮ್ಮನ ಮೈಟ್ರಲ್ ವಾಲ್ವಿನ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು) ಲೀಕ್ ಈ ಸಲ ಮಾಡರೇಟ್ ಆಗಿದೆ ಅಂತ ಬರೆದಿದ್ದೀರಿ. ನಾನು ತುಮಕೂರಿನಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್. ಆಪರೇಷನ್ ವಿಷಯ ಕಾರ್ಡಿಯಾಲಜಿಸ್ಟೇ ಹೇಳಬೇಕು. ಆದರೆ ಆ ಒಂದು ಪದ ನೋಡಿ ಗಾಬರಿಯಾಗಬೇಡಿ.

ಪೇಷೆಂಟನ್ನು ಎಡಮಗ್ಗುಲಿಗೆ ಮಲಗಿಸಿ, ಜೆಲ್ ಹಚ್ಚಿ, ಎಡ ಎದೆಯ ಕೆಳಗೆ ಪ್ರೋಬ್ ಇಡುತ್ತೇವೆ. ಕಲರ್ ಡಾಪ್ಲರ್ ಹಾಕಿದರೆ ಪ್ರೋಬ್ ಕಡೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಪ್ರತಿ ಬಡಿತಕ್ಕೂ ನೀಲಿ, ಹಳದಿ ಕಲಸಿದ ಜೆಟ್ ಎಡ ಏಟ್ರಿಯಂ (ಹೃದಯದ ಎಡಭಾಗದ ಮೇಲಿನ ಕೋಣೆ) ಒಳಕ್ಕೆ ಚಿಮ್ಮುತ್ತದೆ. ನೋಡಿದವರಿಗೆ ಎದೆ ಝಲ್ ಅನ್ನುತ್ತದೆ. ಆದರೆ ಆ ಬಣ್ಣ ತೋರಿಸುವುದು ವೇಗವನ್ನು, ಎಷ್ಟು ರಕ್ತ ಹೋಯಿತು ಅನ್ನುವುದನ್ನಲ್ಲ. ತೋಟದ ಪೈಪಿನಲ್ಲಿ ಸಣ್ಣ ತೂತಿದ್ದರೂ ಮೋಟಾರ್ ಜೋರಾಗಿದ್ದಾಗ ನೀರು ದೂರ ಹಾರುತ್ತದೆ ಅಲ್ವಾ? ಬಿಪಿನೂ ಹಾಗೇ.

ಒಬ್ಬ ಅಜ್ಜಿ ಪಾವಗಡದಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಖಾಲಿ ಹೊಟ್ಟೆಯಲ್ಲಿ ಬರಬೇಕೇನೋ ಅಂತ ಬಿಪಿ ಮಾತ್ರೆಯನ್ನೂ ಬಿಟ್ಟಿದ್ದರು. ಬಿಪಿ 190 ಇತ್ತು, ಜೆಟ್ ದೊಡ್ಡದಾಗೇ ಕಂಡಿತು. ಬಿಪಿ ಹತೋಟಿಗೆ ಬಂದಮೇಲೆ ಡಾಕ್ಟರು ಮತ್ತೆ ಕಳಿಸಿದರು. ಅದೇ ಮಷೀನು, ನೋಡಿದವನೂ ನಾನೇ, ಜೆಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅವತ್ತಿನಿಂದ ಬಿಪಿ ಬರೆಯದೆ ನಾನು ಯಾವ ರಿಪೋರ್ಟನ್ನೂ ಮುಗಿಸಿಲ್ಲ.

ಉಲ್ಟಾನೂ ಆಗುತ್ತದೆ. ಗೋಡೆ ಸವರಿಕೊಂಡು ಓರೆಯಾಗಿ ಹೋಗುವ ಜೆಟ್ ಸಣ್ಣದಾಗಿ ಕಾಣುತ್ತದೆ, ಲೀಕ್ ಜಾಸ್ತಿಯೇ ಇರಬಹುದು. ಅದಕ್ಕೇ ಜೆಟ್‌ನ ಕುತ್ತಿಗೆಯನ್ನು ಅಳೆಯುತ್ತೇವೆ, ಅದಕ್ಕೆ ವೆನಾ ಕಾಂಟ್ರಾಕ್ಟಾ ಅಂತ ಹೆಸರು. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಮೈಲ್ಡ್ ಕಡೆಗೆ, 7 ದಾಟಿದರೆ ಸಿವಿಯರ್ ಕಡೆಗೆ.

ಈಗ ಎರಡೂ ರಿಪೋರ್ಟ್ ಪಕ್ಕಪಕ್ಕ ಇಡಿ. ಎಡ ಏಟ್ರಿಯಂ ಸೈಜು, ಎಲ್‌ವಿ (ಎಡಭಾಗದ ಕೆಳಗಿನ ಕೋಣೆ) ಸೈಜು, ಇಎಫ್ (ಪ್ರತಿ ಬಡಿತಕ್ಕೆ ಎಲ್‌ವಿಯಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ) ನೋಡಿ. ಜೋರು ಲೀಕ್ ತುಂಬಾ ದಿನದಿಂದ ಇದ್ದರೆ ಈ ಕೋಣೆಗಳು ಹಿಗ್ಗುತ್ತವೆ. ಅವು ಹೋದ ವರ್ಷದಷ್ಟೇ ಇದ್ದರೆ ಅದು ಒಳ್ಳೆಯ ಸುದ್ದಿ. ಇಎಫ್ ಒಂದನ್ನೇ ನಂಬಬೇಡಿ. ರಕ್ತಕ್ಕೆ ಹಿಂದಕ್ಕೂ ದಾರಿ ಇರುವುದರಿಂದ ಆ ನಂಬರ್ ಚೆನ್ನಾಗೇ ಕಾಣುತ್ತದೆ. ವಾಲ್ವೇ ಕೆಟ್ಟು ಲೀಕ್ ಸಿವಿಯರ್ ಆದವರಲ್ಲಿ ಇಎಫ್ 60ಕ್ಕೆ ಇಳಿದರೆ, ಅಥವಾ ಎಲ್‌ವಿ ಕುಗ್ಗಿದಾಗಿನ ಅಳತೆ 40 ಮಿ.ಮೀ. ಮುಟ್ಟಿದರೆ, ಸುಸ್ತು ಇಲ್ಲದಿದ್ದರೂ ಡಾಕ್ಟರು ಆಪರೇಷನ್ ಮಾತೆತ್ತುತ್ತಾರೆ.

ಮುಂದಿನ ಸಲ ಹಳೇ ರಿಪೋರ್ಟ್ ತಗೊಂಡು ಹೋಗಿ, ಆದಷ್ಟೂ ಅದೇ ಕಡೆ ಮಾಡಿಸಿ. ಎದೆ ಮೇಲಿನ ಎಕೋಗೆ ಉಪವಾಸ ಬೇಡ, ಬಿಪಿ ಮಾತ್ರೆ ತಪ್ಪಿಸಬೇಡಿ. ಮಲಗಿದಾಗ ಅಮ್ಮನಿಗೆ ಉಸಿರು ಕಟ್ಟಿದರೆ, ಪಾದ ಊದಿದರೆ ಮಾತ್ರ ಆ ದಿನಕ್ಕೆ ಕಾಯದೆ ತಕ್ಷಣ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.